ಮನೋರೋಗದ ಸಂಶೋಧನೆ: ಮೊದಲ ಪ್ರಶ್ನೆ ಯಾರದಾಗಬೇಕು?

"ಈ ಗುಳಿಗೆಯನ್ನು ಇನ್ನೆಷ್ಟು ವರ್ಷ ನುಂಗಬೇಕು? ಮಗಳಿಗೆ ಮದುವೆ ಮಾಡಬಹುದೇ? ಹುಡುಗನ ಮನೆಯವರಿಗೆ ಮೊದಲೇ ಹೇಳಬೇಕೇ? ರಮಝಾನ್ ಬರುತ್ತಿದೆ, ಉಪವಾಸ ಇರಬಹುದೇ? ಗುಳಿಗೆಯಿಂದ ಮೈ ದಪ್ಪವಾಗುತ್ತಿದೆ, ಏನು ಮಾಡಲಿ? ನಾನು ಕಣ್ಣು ಮುಚ್ಚಿದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು?"

ಮಾನಸಿಕ ಕಾಯಿಲೆಯಿರುವ ಯಾವ ಮನೆಗೆ ಹೋದರೂ ಈ ಪ್ರಶ್ನೆಗಳು ಕಿವಿಗೆ ಬೀಳುತ್ತವೆ. ಯುನಾನಿ ವೈದ್ಯನಾದ ನನ್ನ ಬಳಿಗೂ ಬರುತ್ತವೆ. ಮನೋವೈದ್ಯರ ಬಳಿಗೆ ಹೋದರೆ ಊರವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿನಿಂದ ಎಷ್ಟೋ ಮಂದಿ ಮೊದಲು ಹಕೀಮರ ಬಾಗಿಲನ್ನೇ ತಟ್ಟುತ್ತಾರೆ.

ಪ್ರಿಯ ಓದುಗರೇ, ಇವು ಬರೀ ಮನೆಯ ಗೋಳಿನ ಮಾತುಗಳಲ್ಲ. ಇವುಗಳಲ್ಲಿ ಹಲವಕ್ಕೆ ವೈದ್ಯಲೋಕದಲ್ಲಿ ಇವತ್ತಿಗೂ ಗಟ್ಟಿಯಾದ ಉತ್ತರವಿಲ್ಲ. ಉತ್ತರ ಸಿಗಬೇಕಾದರೆ ಸಂಶೋಧನೆ ನಡೆಯಬೇಕು. ಸಂಶೋಧನೆಗೆ ಹಣ ಬೇಕು, ಕಾಲ ಬೇಕು, ನುರಿತ ಜನ ಬೇಕು. ಮೂರೂ ಮಿತವಾಗಿರುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರಾದರೂ ತೀರ್ಮಾನಿಸಲೇಬೇಕು. ಆ ತೀರ್ಮಾನಕ್ಕೆ ಸಾಮಾನ್ಯವಾಗಿ ಕೂರುವವರು ಹಣ ಕೊಡುವ ಸಂಸ್ಥೆಗಳು, ಪ್ರಾಧ್ಯಾಪಕರು, ಔಷಧ ಕಂಪನಿಗಳು. ರೋಗಿಯ ತಾಯಿಯನ್ನು ಅಲ್ಲಿಗೆ ಯಾರೂ ಕರೆಯುವುದಿಲ್ಲ. ಅವಳ ಪ್ರಶ್ನೆಯೇ ಪಟ್ಟಿಯ ಮೊದಲಿಗೆ ಬರಬೇಕು ಎಂಬುದು ನನ್ನ ಅಭಿಪ್ರಾಯ. ಅದು ಬರಬೇಕಾದರೆ ನಮ್ಮ ಸಮುದಾಯವೂ ನಾಚಿಕೆ ಬಿಟ್ಟು ಬಾಯಿ ತೆರೆಯಬೇಕು.

ಮದ್ದಿದೆ, ಮುಟ್ಟುತ್ತಿಲ್ಲ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. 12 ರಾಜ್ಯಗಳಲ್ಲಿ ಸುಮಾರು 35,000 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಲಾಯಿತು. ನೂರರಲ್ಲಿ ಹತ್ತಕ್ಕೂ ಹೆಚ್ಚು ವಯಸ್ಕರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಖಿನ್ನತೆಗೆ, ಆತಂಕಕ್ಕೆ, ಸ್ಕಿಜೋಫ್ರೇನಿಯಾಗೆ ಮದ್ದುಗಳು ಇವೆ. ಪರಿಪೂರ್ಣವಲ್ಲದಿದ್ದರೂ ಬಹಳ ಜನರಿಗೆ ಕೆಲಸ ಮಾಡುತ್ತವೆ. ಆದರೆ ಮದ್ದು ಒಂದು ದಡದಲ್ಲಿದೆ, ರೋಗಿ ಇನ್ನೊಂದು ದಡದಲ್ಲಿದ್ದಾನೆ. ಹೀಗಿರುವಾಗ ಮೆದುಳಿನ ಸ್ಕ್ಯಾನ್, ವಂಶವಾಹಿಗಳ ಪರೀಕ್ಷೆ ಮುಂತಾದವಕ್ಕೇ ಹಣವೆಲ್ಲ ಹೋದರೆ ನಡುವಿನ ಸೇತುವೆ ಕಟ್ಟುವವರು ಯಾರು? ಆ ಸಂಶೋಧನೆಗಳೂ ಬೇಕು, ಬೇಡವೆನ್ನುವುದಿಲ್ಲ. ಆದರೆ ರೋಗಿಗಳು ಏಕೆ ತಡವಾಗಿ ಬರುತ್ತಾರೆ, ಬಂದವರು ಏಕೆ ಅರ್ಧಕ್ಕೇ ಮದ್ದು ಬಿಡುತ್ತಾರೆ ಎಂಬ ಪ್ರಶ್ನೆಗಳಿಗೆ ಮೊದಲ ಪಾಲು ಸಲ್ಲಬೇಕು. ಸ್ಕಿಜೋಫ್ರೇನಿಯಾದಂಥ ಕಾಯಿಲೆ ಚಿಕಿತ್ಸೆಯಿಲ್ಲದೆ ಕಳೆದಷ್ಟು ಕಾಲವೂ ಗುಣವಾಗುವ ದಾರಿ ದುರ್ಗಮವಾಗುತ್ತದೆ.

ಇಂಥ ಪ್ರಶ್ನೆಗಳಿಂದ ದೊಡ್ಡ ಫಲ ಬರುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೇ ಎಂದು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪರೀಕ್ಷಿಸಿ ನೋಡಿತು. ಸಾಧ್ಯ ಎಂದು ಕಂಡಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಆ ಬಳ್ಳಾರಿ ಮಾದರಿಯೇ. ಅಲ್ಲಿ ಕೇಳಿದ್ದು ಒಂದು ಸರಳ ಪ್ರಶ್ನೆ. ಅದರ ಉತ್ತರ ಇಡೀ ದೇಶಕ್ಕೆ ಉಪಯೋಗವಾಯಿತು.

ದವಾ ಮತ್ತು ದುಆ

ನಮ್ಮ ಮನೆಗಳಲ್ಲಿ ಯಾರಾದರೂ ಒಬ್ಬರೇ ಮಾತಾಡಿಕೊಳ್ಳತೊಡಗಿದರೆ, ನಿದ್ದೆ ಬಿಟ್ಟು ಓಡಾಡಿದರೆ ಮೊದಲು ಬರುವ ಮಾತು ಜಿನ್ನ್, ನಝರ್ ಅಥವಾ ಮಾಟ. ತಾಯಿತ, ಊದಿದ ನೀರು, ದರ್ಗಾದಲ್ಲಿ ತಿಂಗಳುಗಟ್ಟಲೆ ವಾಸ. ಇಷ್ಟೆಲ್ಲ ಆದ ಮೇಲೆ ಆಸ್ಪತ್ರೆ. ಇದನ್ನು ಗೇಲಿ ಮಾಡುವುದರಿಂದ ಯಾರಿಗೂ ಒಳ್ಳೆಯದಾಗದು. ಕಂಗಾಲಾದ ಕುಟುಂಬಕ್ಕೆ ದುಆ ನೆಮ್ಮದಿ ಕೊಡುತ್ತದೆ. ಆದರೆ ಆ ಹೆಸರಿನಲ್ಲಿ ಚಿಕಿತ್ಸೆ ತಪ್ಪಿದರೆ ಏನಾಗಬಹುದು ಎಂಬುದನ್ನು ನಾವು ಮರೆಯಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಗುಡಿಸಲಿಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿ ಹಾಕಲಾಗಿತ್ತು, ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ.

ಮನಸ್ಸಿನ ಕಾಯಿಲೆಯನ್ನು ಕಾಯಿಲೆಯೆಂದೇ ನೋಡುವುದು ನಮಗೆ ಹೊಸದೇನೂ ಅಲ್ಲ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್-ಬಲ್ಖೀ ಅವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದರು. ಕೋಪ, ಭಯ, ದುಃಖ, ವಸ್ವಾಸ್ ಇವುಗಳಿಗೆ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟರು. ಪ್ರತಿ ರೋಗಕ್ಕೂ ಅಲ್ಲಾಹನು ಮದ್ದಿರಿಸಿದ್ದಾನೆ ಎಂದು ನಂಬುವ ನಮಗೆ, ಮನಸ್ಸಿನ ರೋಗವನ್ನು ಮಾತ್ರ ಆ ಮಾತಿನಿಂದ ಹೊರಗಿಡಲು ಕಾರಣವಿಲ್ಲ.

ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ-ದುಆ' ಎಂಬ ಕಾರ್ಯಕ್ರಮ ನಡೆದುಬಂದಿದೆ. ಅಲ್ಲಿನ ಮುಜಾವರರಿಗೆ ಕಾಯಿಲೆಯ ಲಕ್ಷಣಗಳನ್ನು ಗುರುತಿಸಲು ಕಲಿಸಿಕೊಡಲಾಯಿತು. ದುಆ ಮಾಡಿ, ಅಲ್ಲೇ ಇರುವ ಮನೋವೈದ್ಯರ ಬಳಿಗೂ ಕಳಿಸುತ್ತಾರೆ. ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ರೋಗಿಗಳನ್ನು ಅಭ್ಯಸಿಸಿದ ವೈದ್ಯರು 2002ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಸರಾಸರಿ ಆರು ವಾರಗಳ ವಾಸದಲ್ಲಿ ಅವರ ಲಕ್ಷಣಗಳು ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿದ್ದವು. ಆಸರೆ, ಶಾಂತವಾದ ಜಾಗ, ಕನಿಕರದ ನಡೆ ಇವು ಕಾರಣವಿರಬಹುದೆಂದು ಅವರು ಊಹಿಸಿದರು. ಇದು ಚಿಕ್ಕ ಅಧ್ಯಯನ, ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ. ಆದ್ದರಿಂದ ಮದ್ದು ಬೇಡವೆಂದು ಇದರಿಂದ ಹೇಳಲಾಗದು. ಆದರೆ ಮುಂದಿನ ಪ್ರಶ್ನೆಯನ್ನು ಅದು ನಮ್ಮ ಕೈಗೆ ಕೊಡುತ್ತದೆ: ದರ್ಗಾ, ಮಸೀದಿಗಳಲ್ಲಿ ಮನೋವೈದ್ಯರ ನೆರವೂ ಸಿಕ್ಕಿದರೆ ರೋಗಿ ಎಷ್ಟು ಬೇಗ ಚಿಕಿತ್ಸೆಗೆ ಬರುತ್ತಾನೆ? ಎಷ್ಟು ಕಾಲ ಚಿಕಿತ್ಸೆಯಲ್ಲಿ ನಿಲ್ಲುತ್ತಾನೆ? ಕರ್ನಾಟಕದ ದರ್ಗಾಗಳಲ್ಲಿ ಇದನ್ನು ಅಳೆದು ನೋಡುವ ಅಧ್ಯಯನ ನನ್ನ ಪಟ್ಟಿಯಲ್ಲಿ ಮೊದಲನೆಯದು.

ಉಪವಾಸ ಮತ್ತು ಗುಳಿಗೆ

ಎರಡನೆಯದು, ರಮಝಾನ್. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಎಂಬ ಔಷಧ ಕೊಡುತ್ತಾರೆ. ಅದು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ರಕ್ತದಲ್ಲೇ ಉಳಿದು ವಿಷದ ಮಟ್ಟಕ್ಕೆ ಏರಬಹುದು. ಕೈನಡುಕ, ವಾಂತಿ, ಭೇದಿ, ತೂರಾಡುವ ನಡಿಗೆ, ಗಲಿಬಿಲಿ ಇವು ಅದರ ಸೂಚನೆಗಳು. ಹಾಗಾದರೆ ಈ ಔಷಧ ತೆಗೆದುಕೊಳ್ಳುವವರು ಉಪವಾಸ ಇರಬಹುದೇ?

ಪೇಶಾವರದಲ್ಲಿ 62 ರೋಗಿಗಳನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವು ರಮಝಾನ್‌ನಲ್ಲಿ ಲಿಥಿಯಂ ಮಟ್ಟ ಅಪಾಯಕಾರಿಯಾಗಿ ಏರಲಿಲ್ಲ ಎಂದಿತು. ಅದಕ್ಕೂ ಹಿಂದೆ, 2000ದಲ್ಲಿ, ಮೊರಾಕ್ಕೊದಿಂದ ಬಂದ ಅಧ್ಯಯನದಲ್ಲಿ 20 ರೋಗಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ಕಾಯಿಲೆ ಮರುಕಳಿಸಿತ್ತು. ನಿದ್ದೆ, ಊಟದ ಹೊತ್ತು ಅದಲುಬದಲಾದದ್ದೇ ಕಾರಣವಿರಬೇಕೆಂದು ಸಂಶೋಧಕರು ಶಂಕಿಸಿದರು. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಎರಡೂ ಚಿಕ್ಕವು. ಇಷ್ಟರ ಮೇಲೆ ವೈದ್ಯನು ಒಂದು ಕುಟುಂಬಕ್ಕೆ ಧೈರ್ಯವಾಗಿ ಏನು ಹೇಳಬಲ್ಲ?

ಜಗತ್ತಿನ ಕೋಟ್ಯಂತರ ಜನರು ಪ್ರತಿವರ್ಷ ಪಾಲಿಸುವ ಒಂದು ಆಚರಣೆಯ ಬಗ್ಗೆ ನಮ್ಮಲ್ಲಿರುವ ತಿಳಿವಳಿಕೆ ಇಷ್ಟು ತೆಳುವಾಗಿದೆ. ನಮ್ಮ ಪ್ರಶ್ನೆಯನ್ನು ನಾವು ಕೇಳದಿದ್ದರೆ ಬೇರೆಯವರು ಏಕೆ ಕೇಳುತ್ತಾರೆ? ಉತ್ತರ ಸಿಗುವವರೆಗೂ ಒಂದು ಮಾತು ನೆನಪಿಡಿ: ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ಮನೋವೈದ್ಯರನ್ನು ಕಂಡು ಕೇಳಿ. ನೀವಾಗಿಯೇ ಗುಳಿಗೆ ಬಿಡಬೇಡಿ, ಹೊತ್ತು ಬದಲಿಸಬೇಡಿ. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ನಿಮಗೆ ತಿಳಿದೇ ಇದೆ. ಆ ವಿನಾಯಿತಿ ಜ್ವರ ಬಂದವನಿಗಷ್ಟೇ ಅಲ್ಲ, ಮನಸ್ಸು ಕೆಟ್ಟವನಿಗೂ ಇದೆ.

ಬಾಣಂತಿಯ ಕಣ್ಣೀರು

ಮೂರನೆಯದು, ಹೆರಿಗೆಯ ಹಿಂದುಮುಂದಿನ ಖಿನ್ನತೆ. ನಲವತ್ತು ದಿನಗಳ ಬಾಣಂತನದಲ್ಲಿ ಎಣ್ಣೆ, ಬಿಸಿನೀರು, ಪಥ್ಯ ಎಲ್ಲವನ್ನೂ ನೋಡಿಕೊಳ್ಳುತ್ತೇವೆ. ತಾಯಿ ಒಬ್ಬಳೇ ಕೂತು ಅಳುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲವೆಂದರೆ "ಸುಸ್ತು" ಎನ್ನುತ್ತೇವೆ ಅಥವಾ "ಇವಳಿಗೆ ಹಟ" ಎನ್ನುತ್ತೇವೆ.

ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಇಂಥ ತಾಯಂದಿರ ಮೇಲೆ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಅಲ್ಲಿ ಮದ್ದು ಕೊಡಲಿಲ್ಲ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ತಾಯಿಯ ಜೊತೆ ಕ್ರಮವಾಗಿ ಮಾತಾಡುವ, ಅವಳ ಯೋಚನೆಯನ್ನು ಸರಿದಾರಿಗೆ ತರುವ ವಿಧಾನ ಕಲಿಸಿದರು. ಆರು ತಿಂಗಳಾಗುವಾಗ ಹೀಗೆ ನೆರವು ಪಡೆದ ತಾಯಂದಿರಲ್ಲಿ ನೂರಕ್ಕೆ 23 ಮಂದಿಗಷ್ಟೇ ಖಿನ್ನತೆ ಉಳಿದಿತ್ತು. ಆ ಮಾತುಕತೆಯಿಲ್ಲದೆ ಮಾಮೂಲಿ ಭೇಟಿ ಮಾತ್ರ ದೊರೆತವರಲ್ಲಿ 53 ಮಂದಿಗೆ. ನಮ್ಮ ಪಕ್ಕದ ಗೋವಾದಲ್ಲೂ ವೈದ್ಯರಲ್ಲದ ಸಾಮಾನ್ಯ ಸಲಹೆಗಾರರು ಆರೋಗ್ಯ ಕೇಂದ್ರಗಳಲ್ಲಿ ಕೆಲವೇ ಭೇಟಿಗಳಲ್ಲಿ ಖಿನ್ನತೆಯನ್ನು ತಗ್ಗಿಸಬಲ್ಲರು ಎಂದು 2017ರ ಅಧ್ಯಯನ ತೋರಿಸಿತು.

ನಮ್ಮ ಆಶಾ ಕಾರ್ಯಕರ್ತೆಯರು ಇದೇ ಕೆಲಸವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ, ಬ್ಯಾರಿ ಭಾಷೆಯಲ್ಲಿ ಮಾಡಬಲ್ಲರೇ? ಅತ್ತೆಯನ್ನೂ ಜೊತೆಗೆ ಕೂರಿಸಿಕೊಂಡರೆ ಫಲ ಹೆಚ್ಚೇ? ಇದು ಕೋಟಿಗಟ್ಟಲೆ ಹಣ ಕೇಳುವ ಸಂಶೋಧನೆಯಲ್ಲ. ತಾಯಿ ಚೇತರಿಸಿಕೊಂಡರೆ ಮಗುವೂ ಚೇತರಿಸಿಕೊಳ್ಳುತ್ತದೆ.

ಯುನಾನಿಯವರು ಏನು ಕೇಳಬೇಕು?

ನನ್ನ ಪದ್ಧತಿಯ ಬಗ್ಗೆಯೂ ಹೇಳದಿದ್ದರೆ ಮಾತು ಅರ್ಧವಾದೀತು. ಯುನಾನಿಯಲ್ಲಿ 'ಅಸ್ರೋಲ್' ಎನ್ನುವ ಬೇರು ನಮ್ಮವರಿಗೆ ಸರ್ಪಗಂಧವೆಂದು ಗೊತ್ತು. ಉತ್ತರದ ಕಡೆ ಜನ ಅದನ್ನು 'ಪಾಗಲ್ ಕೀ ದವಾ' ಎಂದೇ ಕರೆಯುತ್ತಿದ್ದರು. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ರಸಾಯನ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿ ಅವರು 1931ರಲ್ಲಿ ಅದರಿಂದ ಒಂದು ಸತ್ವವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನ್ ಅವರ ನೆನಪಿಗೆ 'ಅಜ್ಮಲೀನ್' ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತಾದ ವೈದ್ಯರಿಬ್ಬರು ಹುಚ್ಚು ಮತ್ತು ರಕ್ತದೊತ್ತಡಕ್ಕೆ ಈ ಬೇರು ಉಪಯುಕ್ತವೆಂದು ಬರೆದರು. 1952ರಲ್ಲಿ ಇದರಿಂದ ರಿಸರ್ಪೀನ್ ಸಿಕ್ಕಿತು. 1950ರ ದಶಕದಲ್ಲಿ ಅದು ಜಗತ್ತಿನ ಮನೋರೋಗ ಆಸ್ಪತ್ರೆಗಳನ್ನು ಪ್ರವೇಶಿಸಿತು. ಆಮೇಲೆ, ಅದನ್ನು ತೆಗೆದುಕೊಂಡ ಕೆಲವರಿಗೆ ಖಿನ್ನತೆ ಬರುತ್ತಿದೆ ಎಂಬ ವರದಿಗಳೂ ಬಂದವು, ಬಳಕೆ ಕುಗ್ಗಿತು. ನಮ್ಮ ಬೇರಿನ ಗುಣವನ್ನು ಜಗತ್ತು ಒಪ್ಪಿದ್ದು ಸಂಶೋಧನೆಯಿಂದ. ಅದರ ಅಪಾಯ ನಮಗೆ ತಿಳಿದದ್ದೂ ಸಂಶೋಧನೆಯಿಂದಲೇ.

ಆದ್ದರಿಂದ ಯುನಾನಿಯಲ್ಲಿ ಇವತ್ತು ಮೊದಲು ಕೇಳಬೇಕಾದದ್ದು 'ನಮ್ಮ ಮದ್ದು ಗುಣಪಡಿಸುತ್ತದೆಯೇ' ಎಂಬುದಕ್ಕಿಂತ 'ಆಸ್ಪತ್ರೆಯ ಗುಳಿಗೆಯ ಜೊತೆ ನಮ್ಮ ಮದ್ದು ಕ್ಷೇಮವೇ' ಎಂಬುದನ್ನು. ಏಕೆಂದರೆ ನಮ್ಮ ಬಳಿಗೆ ಬರುವ ಬಹಳ ರೋಗಿಗಳು ಎರಡನ್ನೂ ಸೇವಿಸುತ್ತಾರೆ, ಇಬ್ಬರು ವೈದ್ಯರಿಗೂ ಹೇಳುವುದಿಲ್ಲ. ಮಾಲಿಖೋಲಿಯಾಗೆ ಸೌದಾ ದೋಷವನ್ನು ಹೊರಹಾಕಲು ಮುಸ್ಹಿಲ್, ಅಂದರೆ ಭೇದಿ ಮದ್ದು ಕೊಡುವ ಕ್ರಮ ನಮ್ಮಲ್ಲಿದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಅದನ್ನು ಕೊಟ್ಟರೆ ಮೈಯ ನೀರು ಹೋಗಿ ಲಿಥಿಯಂ ಏರಬಹುದು. ನಿದ್ದೆ ತರುವ ಮೂಲಿಕೆಯೂ ನಿದ್ದೆ ಗುಳಿಗೆಯೂ ಸೇರಿದರೆ ಮಂಪರು ಇಮ್ಮಡಿಯಾಗಬಹುದು. ಹೋಲಿಕೆಯ ಗುಂಪಿಲ್ಲದೆ ಇಪ್ಪತ್ತು ಮೂವತ್ತು ಮಂದಿಗೆ ಮದ್ದು ಕೊಟ್ಟು 'ಫಲಕಾರಿ' ಎಂದು ಬರೆಯುವುದಕ್ಕಿಂತ ಇಂಥ ಒಂದು ಅಧ್ಯಯನ ಹೆಚ್ಚು ಜೀವ ಉಳಿಸೀತು. ಬೆಂಗಳೂರಿನಲ್ಲೇ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಿದೆ, ನಿಮ್ಹಾನ್ಸ್ ಕೂಡ ಇದೆ. ಇಬ್ಬರೂ ಕೂಡಿ ಕುಳಿತರೆ ದೂರವೇನೂ ಅಲ್ಲ.

"ಜನಸಾಮಾನ್ಯರಿಗೆ ಏನು ಗೊತ್ತು?"

ಸಂಶೋಧನೆಯ ಆದ್ಯತೆಯನ್ನು ರೋಗಿಗಳು ಹೇಳುವುದೇ ಎಂದು ಕೆಲವರು ಕೇಳಬಹುದು. ಇಂಗ್ಲೆಂಡಿನಲ್ಲಿ 2004ರಲ್ಲಿ ಶುರುವಾದ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ವ್ಯವಸ್ಥೆ ಇದನ್ನೇ ಮಾಡುತ್ತಿದೆ. ರೋಗಿಗಳು, ಆರೈಕೆ ಮಾಡುವ ಮನೆಯವರು, ಚಿಕಿತ್ಸೆ ಕೊಡುವ ವೈದ್ಯರು ಸರಿಸಮನಾಗಿ ಕೂತು, ಉತ್ತರವಿಲ್ಲದ ಪ್ರಶ್ನೆಗಳಲ್ಲಿ ಹತ್ತನ್ನು ಆರಿಸುತ್ತಾರೆ. ಔಷಧ ಕಂಪನಿಗಳಿಗೆ ಅಲ್ಲಿ ಮತವಿಲ್ಲ. 2016ರಲ್ಲಿ ಖಿನ್ನತೆಯ ಬಗ್ಗೆ ಮಾಡಿದ ಪಟ್ಟಿಯಲ್ಲಿ ಮೊದಲನೆಯದು, ಖಿನ್ನತೆ ಬಾರದಂತೆ, ಮರುಕಳಿಸದಂತೆ ತಡೆಯುವುದು ಹೇಗೆ ಎಂಬುದು. ಹೆತ್ತವರ ಖಿನ್ನತೆ ಮಗುವಿನ ಮೇಲೆ ಬೀರುವ ಪರಿಣಾಮವೂ, ಮನೆಯವರು ನೆರವಾಗುವುದು ಹೇಗೆ ಎಂಬುದೂ ಹತ್ತರೊಳಗೆ ಇದ್ದವು. ಸ್ಕಿಜೋಫ್ರೇನಿಯಾದ ಪಟ್ಟಿಯಲ್ಲಿ ರೋಗಿಗಳ ದೈಹಿಕ ಆರೋಗ್ಯದ ತಪಾಸಣೆ, ಗುಳಿಗೆಯಿಂದ ದಾಂಪತ್ಯಕ್ಕೆ ಆಗುವ ತೊಂದರೆಯಂಥ ವಿಷಯಗಳು ಬಂದವು. ದಾಂಪತ್ಯದ ತೊಂದರೆಯನ್ನು ನಾಚಿ ಮುಚ್ಚಿಟ್ಟು, ಗುಟ್ಟಾಗಿ ಗುಳಿಗೆ ನಿಲ್ಲಿಸುವ ಎಷ್ಟು ಗಂಡಸರು ನಮ್ಮ ನಡುವೆ ಇಲ್ಲ? ನೋವು ಎಲ್ಲಿದೆ ಎಂಬುದನ್ನು ಚಪ್ಪಲಿ ತೊಟ್ಟವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮೂಲ ವಿಜ್ಞಾನ ಮುಂದುವರಿದರೆ ರೋಗದ ಬೇರೇ ಸಿಗುತ್ತದೆ, ಆಗ ಈ ಪ್ರಶ್ನೆಗಳೇ ಉಳಿಯುವುದಿಲ್ಲ ಎಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಉನ್ಮಾದಕ್ಕೆ ಲಿಥಿಯಂ ಉಪಯೋಗವಾಗುತ್ತದೆಂದು 1949ರಲ್ಲಿ ತಿಳಿಸಿದ್ದು ಮೆಲ್ಬೋರ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯರು. ಸರ್ಪಗಂಧದ ಕಥೆಯೂ ರೋಗಿಯ ಹಾಸಿಗೆಯ ಪಕ್ಕದಲ್ಲೇ ಹುಟ್ಟಿತು. ಬೇರು ಸಿಗುವ ದಿನಕ್ಕಾಗಿ ಕಾಯುತ್ತಾ, ಇವತ್ತು ಬಾಡುತ್ತಿರುವ ಗಿಡಕ್ಕೆ ನೀರು ಹಾಕದಿರಲಾಗುವುದೇ?

ನೀವು ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ಕಾಯಿಲೆಯವರಿದ್ದರೆ ನಿಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರ ಮುಂದಿಡಿ. "ಇದಕ್ಕೆ ಇನ್ನೂ ಉತ್ತರವಿಲ್ಲ" ಎಂದು ಅವರು ಹೇಳಿದರೆ, ಸಂಶೋಧನೆಗೆ ಬೇಕಾದ ಪ್ರಶ್ನೆ ಅದೇ. ಹಕೀಮರ ಮದ್ದು, ಮನೆಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ನಮ್ಮ ಬಳಿಗೆ ಬಂದಾಗ ಆಸ್ಪತ್ರೆಯ ಚೀಟಿಯನ್ನು ತನ್ನಿ.

ಯಾವುದಾದರೂ ಅಧ್ಯಯನದಲ್ಲಿ ಭಾಗವಹಿಸಲು ಕರೆದರೆ ಬೆಚ್ಚಿ ಬೀಳಬೇಡಿ, ಕಣ್ಣುಮುಚ್ಚಿ ಸಹಿ ಹಾಕಲೂ ಬೇಡಿ. ನಿಮ್ಮ ಭಾಷೆಯಲ್ಲಿ ವಿವರಿಸಲು ಹೇಳಿ. ನಮ್ಮ ಕಾಯ್ದೆಯ ಪ್ರಕಾರ ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾರನ್ನೂ ಸಂಶೋಧನೆಗೆ ಸೇರಿಸುವಂತಿಲ್ಲ, ರೋಗಿಯ ವಿವರ ಗುಟ್ಟಾಗಿರಬೇಕು. ಬೇಡವೆನಿಸಿದಾಗ ಹೊರಬರಬಹುದು, ಅದರಿಂದ ಚಿಕಿತ್ಸೆ ತಪ್ಪಬಾರದು. ಔಷಧದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಅದರ ನೋಂದಣಿ ಸಂಖ್ಯೆ ಏನೆಂದು ಕೇಳಿ. ಎಲ್ಲರೂ ದೂರ ನಿಂತರೆ ನಮ್ಮ ಮನೆಗಳ ಕಾಯಿಲೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಮಸೀದಿಯ ಜಮಾಅತ್, ದರ್ಗಾದ ಸಮಿತಿ, ಮಹಿಳಾ ಸಂಘಟನೆಗಳವರಿಗೆ ಒಂದು ಕೋರಿಕೆ. ವರ್ಷಕ್ಕೊಮ್ಮೆಯಾದರೂ ಮನೋವೈದ್ಯರನ್ನೂ ರೋಗಿಗಳ ಮನೆಯವರನ್ನೂ ಒಟ್ಟಿಗೆ ಕೂರಿಸಿ. ಹೆಸರು ಹೇಳಬೇಕಾಗಿಲ್ಲ, ಚೀಟಿಯಲ್ಲಿ ಪ್ರಶ್ನೆ ಬರೆದು ಡಬ್ಬದಲ್ಲಿ ಹಾಕಿದರೆ ಸಾಕು. ಆ ಚೀಟಿಗಳನ್ನು ಒಟ್ಟುಮಾಡಿ ಹತ್ತಿರದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಿ. ಎಷ್ಟೋ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿರುತ್ತಾರೆ.

ತಕ್ಷಣದ ನೆರವು ಬೇಕಾದವರು ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.